ತಪ್ಪು ನುಡಿಸಿದರೆ ಯಾರಿಗೆ ಗೊತ್ತಾಗುತ್ತೆ?

ಗೊತ್ತಾಗುತ್ತೆ. ಉತ್ತರ ಮೊದಲೇ ಹೇಳಿಬಿಟ್ಟೆ. ಅವಸರ ಇರುವವರು ಎದ್ದು ಹೋಗಬಹುದು.

ಉಳಿದವರಿಗೆ ವಿಷಯ ಇಷ್ಟು. ನಾವು ನಾಲ್ಕು ಜನ ಭಾನುವಾರ ಊಟ ಆದ ಮೇಲೆ ಮಲ್ಲೇಶ್ವರದ ಒಂದು ಮನೆಯಲ್ಲಿ ಸೇರಿ ಪಿಯಾನೋ ಕಲಿಯುತ್ತೇವೆ. ಮೇಷ್ಟ್ರಿಲ್ಲ, ಪರೀಕ್ಷೆ ಇಲ್ಲ, ಕಚೇರಿ ಕೊಡುವ ಆಸೆಯೂ ಇಲ್ಲ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದ ರಾಯರು. ಒಬ್ಬರು ಹಲ್ಲಿನ ಡಾಕ್ಟರು. ಮನೆ ಅವರದು, ಪಿಯಾನೋ ಅವರದು, ಹಾಗಾಗಿ ಕೊನೆಯ ಮಾತೂ ಅವರದೇ. ಒಬ್ಬ ಸಾಫ್ಟ್‌ವೇರ್ ಹುಡುಗ. ನಾಲ್ಕನೆಯವಳು ನಾನು. ನಾವು ನುಡಿಸುವುದು ಬಾಖ್ ಅಲ್ಲ, ಮೊಜಾರ್ಟೂ ಅಲ್ಲ, ಅಷ್ಟು ಹಳೆಯ ಪಾಶ್ಚಾತ್ಯ ಸಂಗೀತ ಅಲ್ಲ. ಹೆಚ್ಚುಕಮ್ಮಿ ಎಲ್ಲವೂ ನಮಗೆ ಸ್ವಾತಂತ್ರ್ಯ ಬಂದ ಮೇಲೆ ಬರೆದದ್ದು. ಕೇಳುವುದಕ್ಕಿಂತ ನೋಡುವುದಕ್ಕೇ ಹೆದರಿಕೆ. ಐದು ಗೆರೆಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸ್ವರಗಳು, ಅವುಗಳ ನಡುವೆ ಬಾಣ, ಡೊಂಕು ಗೆರೆ, ದಪ್ಪ ಕಪ್ಪು ಉಂಡೆ. ನನ್ನ ಅತ್ತೆ ಒಮ್ಮೆ ಮೇಜಿನ ಮೇಲೆ ಬಿದ್ದಿದ್ದ ಹಾಳೆ ನೋಡಿ, "ಇಸಿಜಿ ಯಾರದ್ದೇ? ಯಾರಿಗೆ ಹುಷಾರಿಲ್ಲ?" ಎಂದು ಗಾಬರಿಯಾಗಿದ್ದರು.

ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ಐದು ನಿಮಿಷದೊಳಗೆ ಆ ಪ್ರಶ್ನೆಗೆ ಬಂದೇ ಬರುತ್ತಾರೆ. ಕೇಳುವ ಧಾಟಿ ನೋಡಿ. "ತಪ್ಪಾದರೆ ಹೇಗೆ ತಿದ್ದಿಕೊಳ್ತೀರಿ?" ಅಂತಲ್ಲ. "ಅಲ್ಲಾ, ಇದನ್ನ ತಪ್ಪು ನುಡಿಸಿದ್ರೆ ಯಾರಿಗೆ ಗೊತ್ತಾಗುತ್ತೆ ಬಿಡಿ." ಪ್ರಶ್ನೆಯನ್ನಾದರೂ ಸಹಿಸಬಹುದು. ಕೊನೆಗೆ ಬರುವ ಆ 'ಬಿಡಿ' ಇದೆಯಲ್ಲ, ಅದು ನನಗೆ ಆಗುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಇವರಲ್ಲಿ ಒಬ್ಬರೂ 'ಬಿಡಿ' ಅನ್ನುವುದಿಲ್ಲ.

ಹೋದ ವರ್ಷ ಚಿಕ್ಕಪ್ಪನ ಮಗಳ ಮದುವೆ, ಜಯನಗರದ ಒಂದು ಛತ್ರದಲ್ಲಿ. ಅದಕ್ಕೆ ಎರಡು ದಿನ ಮೊದಲು ನನ್ನ ಮಗ ನಲವತ್ತು ಸೆಕೆಂಡಿನ ಒಂದು ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ. ಅದರಲ್ಲಿ ನಾನು ಮಣಿಕಟ್ಟಿನಿಂದ ಮೊಣಕೈವರೆಗೆ ಇಡೀ ಕೈಯನ್ನು ಪಿಯಾನೋ ಮನೆಗಳ ಮೇಲೆ ಊರಿದ್ದೇನೆ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ನನ್ನ ಎದುರಿಗೇ ಕೂತಿದ್ದರು. ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಶುರು ಮಾಡಿದರು. "ಏನಮ್ಮಾ, ವಿಡಿಯೋದಲ್ಲಿ ಪಿಯಾನೋ ಧೂಳು ಒರೆಸ್ತಿದ್ಯಾ?"

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ತಪ್ಪು ಮಾಡಿದೆ.

ಅದು ಹಂಗೆರಿಯ ಕುರ್ತಾಗ್ ಅವರ 'ಯಾಟೇಕೋಕ್' ದೊಡ್ಡಪ್ಪ, ಹಾಗಂದರೆ ಆಟಗಳು, ಎಂದೆ. 1973ರಲ್ಲಿ ಬರೆಯಲು ಶುರು ಮಾಡಿದ್ದು. ಪಿಯಾನೋ ಇನ್ನೂ ಆಟದ ಸಾಮಾನೇ ಆಗಿರುವ ವಯಸ್ಸಿನ ಮಕ್ಕಳು ಅದರ ಮುಂದೆ ಏನು ಮಾಡುತ್ತಾರೆ ಅನ್ನುವುದರಿಂದ ಹುಟ್ಟಿದ್ದು. ಅಂಗೈಯಲ್ಲಿ ಒತ್ತುತ್ತಾರೆ, ಕೈಯಲ್ಲಿ ಸವರುತ್ತಾರೆ. ಆದರೆ ಎಲ್ಲಿ ಒತ್ತಬೇಕು, ಎಷ್ಟು ಜೋರು, ಎಷ್ಟು ಹೊತ್ತು ಹಿಡಿಯಬೇಕು, ಎಲ್ಲಕ್ಕೂ ಗುರುತು ಇದೆ. ಕುರ್ತಾಗ್ ಮತ್ತು ಅವರ ಹೆಂಡತಿ ಮಾರ್ತಾ ಒಂದೇ ಪಿಯಾನೋ ಮುಂದೆ ಪಕ್ಕಪಕ್ಕ ಕೂತು ಇವನ್ನು ವರ್ಷಗಟ್ಟಲೆ ನುಡಿಸುತ್ತಿದ್ದರು.

"ಹೌದೌದು" ಎಂದರು ದೊಡ್ಡಪ್ಪ. "ತಪ್ಪು ನುಡಿಸಿದ್ರೆ ಯಾರಿಗೆ ಗೊತ್ತಾಗುತ್ತೆ ಬಿಡು."

ಬೇರೆ ಯಾರಾದರೂ ಅಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಇವರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಬೆಳೆದವರು. ತೊಡೆಯ ಮೇಲೆ ಹಾಕುತ್ತಿದ್ದ ತಾಳ ಥಟ್ಟನೆ ನಿಂತಿತು ಅಂದರೆ ಮೇಲೆ ವೇದಿಕೆಯಲ್ಲಿ ಯಾರೋ ಎಡವಿದ್ದಾರೆ ಅಂತ ಲೆಕ್ಕ. ಅಂಥವರು ಕೇಳದೆಯೇ 'ಬಿಡು' ಅಂದರು.

ಹಾಗಾಗಿ ಇನ್ನೊಂದು ವಿಷಯ ತೆಗೆದೆ. ಲಿಗೆಟಿ ಅಂತ ಇನ್ನೊಬ್ಬರು, 1951ರಿಂದ 53ರ ನಡುವೆ 'ಮೂಸಿಕಾ ರಿಚೆರ್ಕಾಟಾ' ಅಂತ 11 ತುಣುಕು ಬರೆದರು. ಮೊದಲನೆಯದರಲ್ಲಿ ಒಂದೇ ಸ್ವರ, ಎ. ಮಂದ್ರದಲ್ಲಿ ಎ, ತಾರದಲ್ಲಿ ಎ, ನಡುವೆ ಎ. ಕಟ್ಟಕಡೆಗೆ ಮಾತ್ರ ಡಿ ಬಂದು ಮುಗಿಯುತ್ತದೆ. ಆಮೇಲೆ ತುಣುಕಿಗೊಂದರಂತೆ ಸ್ವರ ಸೇರಿಸುತ್ತಾ ಹೋಗಿ, ಹನ್ನೊಂದನೆಯದರ ಹೊತ್ತಿಗೆ ಹನ್ನೆರಡೂ ಸ್ವರ.

ದೊಡ್ಡಪ್ಪನ ಕೈ ಮಜ್ಜಿಗೆ ಅನ್ನದಲ್ಲಿ ನಿಂತಿತು. "ಡೀನೇ ಷಡ್ಜ ಅಂತ ಇಟ್ಕೊಂಡ್ರೆ, ಎ ಪಂಚಮ ಅಲ್ವಾ?"

"ಹೌದು."

"ಅಂದ್ರೆ ಇಡೀ ಹೊತ್ತು ಪಂಚಮ ಹಿಡ್ಕೊಂಡು ಕೊನೇಲಿ ಸ?"

"ಹೌದು."

"ಅಲ್ಲೀವರೆಗೂ ಏನ್ಮಾಡ್ತಾನೆ?"

"ಬರೀ ಲಯ."

"ಹೂಂ" ಎಂದು ಉಪ್ಪಿನಕಾಯಿ ಕೇಳಿದರು. ನನಗೆ ಅವತ್ತು ಸಿಕ್ಕಿದ್ದು ಆ ಒಂದು 'ಹೂಂ'. ಆ ತುಣುಕಿನಲ್ಲಿ ಒಂದು ಬೇರೆ ಸ್ವರ ಬಿದ್ದರೆ ಕೆಳಗಿನ ವಾಚ್‌ಮನ್‌ಗೂ ಗೊತ್ತಾಗುತ್ತದೆ ಅನ್ನುವ ನನ್ನ ಮುಖ್ಯ ವಾದ ಬಾಯಲ್ಲೇ ಉಳಿಯಿತು.

'ಇದು ನಮ್ಮ ಸಂಗೀತ ಅಲ್ವಲ್ಲ' ಅನ್ನುವವರಿಗೆ ಜಾಸ್ತಿ ಸಮಯ ಕೊಡಲ್ಲ. ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದವರು. ಅವರೇ ಪಿಯಾನೋವನ್ನೂ ಕಲಿತಿದ್ದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಮೆಡ್ಟ್‌ನರ್ ಎಂಬ ಸಂಗೀತಗಾರರ ರಚನೆಗಳನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಆ ಕಡೆ ಅಮೆರಿಕದ ಜಾನ್ ಕೇಜ್ 1946ರಲ್ಲಿ ಗೀತಾ ಸಾರಾಭಾಯಿ ಅವರಿಂದ ನಮ್ಮ ಸಂಗೀತದ ಪಾಠ ಕೇಳಿದರು. 1948ರ ಹೊತ್ತಿಗೆ ನವರಸಗಳನ್ನು ಇಟ್ಟುಕೊಂಡು ಒಂದು ದೊಡ್ಡ ಪಿಯಾನೋ ಮಾಲೆ ಬರೆದು ಮುಗಿಸಿದರು. ಅದನ್ನು ನುಡಿಸಬೇಕಾದರೆ 45 ಸ್ವರಗಳ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರು ಸಿಕ್ಕಿಸಬೇಕು. ನಮಗೂ ಆಸೆ ಇತ್ತು. ಡಾಕ್ಟರನ್ನು ಕೇಳಿದೆವು. "ನಿಮ್ಮ ಹಲ್ಲಿನ ಮಧ್ಯೆ ನಾನು ಸ್ಕ್ರೂ ಹಾಕ್ತೀನಿ, ಆಗಬಹುದಾ?" ಎಂದರು. ಆ ಮಾತು ಅಲ್ಲಿಗೆ ಮುಗಿಯಿತು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಪಿಯಾನೋ ಒಂದು, ಜನ ನಾಲ್ಕು. ಮೂರು ಗಂಟೆ ಏನು ಮಾಡ್ತೀರಿ?

ಮೊದಲ ಭಾನುವಾರ ಯಾರೂ ಪಿಯಾನೋ ಮುಟ್ಟುವುದಿಲ್ಲ. ರಾಯರು ಹಾಳೆಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ತಂದಿರುತ್ತಾರೆ. ಊಟದ ಮೇಜಿನ ಮೇಲೆ ಹರಡುತ್ತೇವೆ. ಅವರ ಹತ್ತಿರ ಒಂದು ಸ್ಟೀಲ್ ಸ್ಕೇಲು, ಕೆಂಪು ಪೆನ್ಸಿಲ್ಲು, ನೀಲಿ ಪೆನ್ಸಿಲ್ಲು. ಬಲಗೈ ಕೆಂಪು, ಎಡಗೈ ನೀಲಿ. ಯಾಕೆಂದರೆ ಎಷ್ಟೋ ಕಡೆ ಯಾವ ಸ್ವರ ಯಾವ ಕೈಗೆ ಅನ್ನುವುದೇ ಮೊದಲ ಜಗಳ. ಗೆರೆಗಳ ಮೇಲೆ ಎಲ್ಲೋ ಆಕಾಶದಲ್ಲಿ ನಿಂತಿರುವ ಸ್ವರಗಳನ್ನು ಸ್ಕೇಲ್ ಇಟ್ಟು ಎಣಿಸಿ ಹೆಸರು ಬರೆಯುತ್ತಾರೆ.

ಆಮೇಲೆ ಬಾಯಲ್ಲಿ ಹೇಳುವುದು. ರಾಯರು ಚಿಕ್ಕವರಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತವರು. ಒಂದು ಎಣಿಕೆಯಲ್ಲಿ ಐದು ಸ್ವರ ಇದ್ದರೆ ತಕತಕಿಟ, ಏಳಿದ್ದರೆ ತಕಿಟತಕಧಿಮಿ. ಸಾಫ್ಟ್‌ವೇರ್ ಹುಡುಗನಿಗೆ ಇದೇನೂ ಗೊತ್ತಿರಲಿಲ್ಲ, ಟಿಕ್ ಟಿಕ್ ಅಂತ ಲಯ ಎಣಿಸುವ ಫೋನಿನ ಮೆಟ್ರೊನೋಮ್ ನಂಬಿಕೊಂಡು ಒದ್ದಾಡುತ್ತಿದ್ದ. ಎರಡೇ ವಾರದಲ್ಲಿ ಮೆಟ್ರೋದಲ್ಲಿ ನಿಂತುಕೊಂಡೇ ತಕತಕಿಟ ಹೇಳುವ ಮಟ್ಟಕ್ಕೆ ಬಂದ. ಪಕ್ಕದವರು ಸ್ವಲ್ಪ ಸರಿದು ನಿಂತರಂತೆ.

ಹೀಗೆ ಹೇಳುತ್ತಾ ಹೋದಾಗ ಗೊತ್ತಾಗಿದ್ದು, ಪುಟ ಕಪ್ಪಗಿದ್ದ ಮಾತ್ರಕ್ಕೆ ವೇಗ ಅಂತಲ್ಲ. ಎಣಿಕೆಯೇ ಚೌಕ ಕಾಲದಲ್ಲಿದ್ದರೆ, ಆ ಸಾಸಿವೆಯೆಲ್ಲ ಆರಾಮಾಗಿ ಕೈಗೆ ಸಿಗುತ್ತದೆ. ಇದಕ್ಕೆ ತದ್ವಿರುದ್ಧ ಎಸ್ಟೋನಿಯಾದ ಪೆರ್ಟ್ ಎಂಬ ಸಂಗೀತಗಾರರ 'ಫ್ಯೂರ್ ಆಲೀನಾ', 1976ರದ್ದು. ನೋಡಲು ಎರಡು ಪುಟ, ಅದೂ ಮುಕ್ಕಾಲು ಖಾಲಿ. ಇದೊಂದು ಭಾನುವಾರದ ಕೆಲಸ ಅಂದುಕೊಂಡೆವು. ಐದು ವಾರ ಹಿಡಿಯಿತು. ಸದ್ದು ಅಷ್ಟು ಕಮ್ಮಿ ಇರುವಾಗ ಒಂದು ಸ್ವರ ಚೂರು ಜೋರಾದರೂ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಈಗ ಕೂತಿರುವುದು 'ಪಿಯಾನೋ ಫೇಸ್' ಎದುರು. ಅಮೆರಿಕದ ಸ್ಟೀವ್ ರೈಶ್ ಬರೆದದ್ದು, 1967. ಇದಕ್ಕೆ ಎರಡು ಪಿಯಾನೋ ಬೇಕು. ನಮ್ಮ ಹತ್ತಿರ ಒಂದು ಪಿಯಾನೋ, ಒಂದು ಹುಡುಗನ ಡಿಜಿಟಲ್ ಕೀಬೋರ್ಡ್. ಡಾಕ್ಟರ ಪಿಯಾನೋ ಶ್ರುತಿ ಇಳಿದಿದೆ. ಟ್ಯೂನ್ ಮಾಡುವವರು ಬರುವವರೆಗೆ ಕೀಬೋರ್ಡಿನ ಶ್ರುತಿಯನ್ನೇ 440 ಹರ್ಟ್ಜ್‌ನಿಂದ 436ಕ್ಕೆ ಇಳಿಸಿಕೊಂಡಿದ್ದೇವೆ. ಮೊದಲ ಭಾಗದಲ್ಲಿ ಇರುವುದು ಐದೇ ಸ್ವರ, ಹನ್ನೆರಡು ಅಕ್ಷರದ ಒಂದು ವರಸೆ. ಇಬ್ಬರೂ ಅದನ್ನೇ ಮತ್ತೆ ಮತ್ತೆ ನುಡಿಸುತ್ತಿರಬೇಕು. ಒಬ್ಬರು ಅಲ್ಲಾಡಬಾರದು. ಇನ್ನೊಬ್ಬರು ಗೊತ್ತೇ ಆಗದಷ್ಟು ನಿಧಾನವಾಗಿ ವೇಗ ಹೆಚ್ಚಿಸಿಕೊಂಡು ಒಂದು ಅಕ್ಷರ ಮುಂದೆ ಹೋಗಿ ಅಲ್ಲಿ ನಿಲ್ಲಬೇಕು. ಹೀಗೆ ಹನ್ನೆರಡು ಸಲ ಮುಂದೆ ಸರಿದರೆ ಮತ್ತೆ ಇಬ್ಬರೂ ಒಂದೇ ಕಡೆ.

ನಾನು ಮತ್ತು ರಾಯರು ಇದರಲ್ಲಿ ಪೂರ್ತಿ ಫೇಲು. ತಾಳ ತಪ್ಪಬೇಡ ಅಂತ ಬೈಸಿಕೊಂಡು ಬೆಳೆದವರು ನಾವು. ಬೇಕಂತಲೇ ತಾಳದಿಂದ ಜಾರು ಅಂದರೆ ಕೈ ಒಪ್ಪುವುದಿಲ್ಲ. ಕಾಲು ಅಕ್ಷರ ಜಾರುವಷ್ಟರಲ್ಲಿ ರಾಯರು ಪಾಪ, ನನಗೆ ಸಹಾಯ ಆಗಲಿ ಅಂತ ತಾವೂ ಓಡಿ ಬಂದು ನನ್ನ ಜೊತೆ ಸೇರಿಕೊಳ್ಳುತ್ತಾರೆ. ತಾಳದ ಪಾಠವೇ ಇಲ್ಲದ ಹುಡುಗ ಸಲೀಸಾಗಿ ಜಾರುತ್ತಾನೆ. ಹನ್ನೆರಡರಲ್ಲಿ ಇಲ್ಲಿಯವರೆಗೆ ನಾವು ದಾಟಿರುವುದು ಎರಡು.

ಸರಿ, ಮೂಲ ಪ್ರಶ್ನೆಗೆ ವಾಪಸ್ ಬರಲೇಬೇಕು. ಬರದೆ ಹೋದರೆ ಪ್ರಾಮಾಣಿಕತೆ ಅನ್ನಿಸಿಕೊಳ್ಳಲ್ಲ.

ಹೋದ ಮಳೆಗಾಲದಲ್ಲಿ ಒಂದು ತುಣುಕು ಕಲಿತೆವು. ಹೆಸರು ಬೇಡ, ಮಾನ ಹೋಗುತ್ತೆ. ಮೂರು ತಿಂಗಳು ನಾಲ್ಕೂ ಜನ ನುಡಿಸಿದೆವು. ಸಾಮಾನ್ಯವಾಗಿ ಒಂದು ಸ್ವರದ ಮುಂದೆ ಶಾರ್ಪ್ ಗುರುತು (ಸ್ವರವನ್ನು ಒಂದು ಮನೆ ಮೇಲೇರಿಸುವುದು) ಇದ್ದರೆ, ತಾಳದ ಆ ಭಾಗ ಮುಗಿಸುವ ಅಡ್ಡಗೆರೆ ಬರುವವರೆಗೆ ಆ ಸ್ವರ ಶಾರ್ಪೇ. ಈ ಕಾಲದ ಎಷ್ಟೋ ಪುಸ್ತಕಗಳಲ್ಲಿ ಹಾಗಲ್ಲ. ಗುರುತು ಯಾವ ಸ್ವರಕ್ಕಿದೆಯೋ ಅದಕ್ಕಷ್ಟೇ ಲಾಗೂ. ಇದನ್ನು ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿರುತ್ತಾರೆ. ಆ ಪುಟ ನಾವು ಓದಿರಲಿಲ್ಲ. ಮಿಕ್ಸಿ ತಂದಾಗ ಜೊತೆಗೆ ಬರುವ ಪುಸ್ತಕ ಓದುವವರು ಯಾರಿದ್ದಾರೆ ಹೇಳಿ.

ಒಂದು ಭಾನುವಾರ ರಾಯರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತರು. "ಇಲ್ಲಿ ಎಫ್‌ಗೆ ಶಾರ್ಪ್ ಹಾಕಿದ್ದಾನೆ. ಗೆರೆ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅದೇ ಎಫ್‌ಗೆ ಮತ್ತೆ ಯಾಕೆ ಹಾಕಿದ? ಇಂಕು ಜಾಸ್ತಿಯಾಗಿತ್ತಾ?"

ಎಲ್ಲರೂ ಸುಮ್ಮನಾದೆವು. ಹುಡುಗ ಮೊದಲ ಪುಟ ತೆಗೆದು ಓದಿದ. ರಾಯರು ಕೆಂಪು ಪೆನ್ಸಿಲ್ ಹಿಡಿದು ಎಣಿಸಿದರು. ಎರಡು ಪುಟದಲ್ಲಿ 31 ತಪ್ಪು ಸ್ವರ. ಮೂವತ್ತೈದು ವರ್ಷದ ನೌಕರಿಯಲ್ಲಿ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋದವರಲ್ಲವಂತೆ. ಅವತ್ತು ಕಾಫಿ ಕೂಡ ಕುಡಿಯದೆ ಹೊರಟರು.

ಅಂದರೆ ಮೂರು ತಿಂಗಳು ನಮಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದೂ ಕಿವಿಗಲ್ಲ, ಕಣ್ಣಿಗೆ. ಮೊದಲ ಸಾಲಿನಲ್ಲಿ ಗೊತ್ತಾಗುತ್ತೆ ಅಂದೆ, ಯಾವಾಗ ಅಂತ ಹೇಳಿರಲಿಲ್ಲ. ದೊಡ್ಡಪ್ಪನಿಗೆ ಇದನ್ನು ಹೇಳಿಲ್ಲ, ಹೇಳುವ ಉದ್ದೇಶವೂ ಇಲ್ಲ. ನೀವೂ ಹೇಳಬೇಡಿ.

ಸರಿಪಡಿಸಿ ನುಡಿಸಿದಾಗ ಮೊದಮೊದಲು ಸರಿಯಾದದ್ದೇ ತಪ್ಪು ಅನ್ನಿಸುತ್ತಿತ್ತು. ಬೆರಳು ಹಳೆಯ ಜಾಗಕ್ಕೇ ಹೋಗುತ್ತಿತ್ತು. ಒಂದು ತಿಂಗಳಾದ ಮೇಲೆ ಯಾರಾದರೂ ಮರೆತು ಹಳೆಯ ಸ್ವರ ಒತ್ತಿದರೆ ಉಳಿದ ಮೂವರೂ ಒಟ್ಟಿಗೆ "ಆಆ" ಅನ್ನುವಂತಾಯಿತು. ಈಗ ಕಿವಿಗೇ ಗೊತ್ತಾಗುತ್ತದೆ.

ಮೊನ್ನೆ ಭಾನುವಾರ ಸ್ವಲ್ಪ ಬೇಗ ಹೋದೆ. ಗೇಟಿನ ಹತ್ತಿರ ಚಪ್ಪಲಿ ಬಿಡುವಾಗ ಒಳಗಿಂದ ಪಿಯಾನೋ ಕೇಳಿಸುತ್ತಿತ್ತು. ಡಾಕ್ಟರು ಒಬ್ಬರೇ ಕೂತು ಆ ತುಣುಕನ್ನು ನುಡಿಸುತ್ತಿದ್ದರು. ಹಳೆಯದನ್ನು, 31 ತಪ್ಪುಗಳ ಸಮೇತ. ನನ್ನನ್ನು ನೋಡಿ ಕೈ ತೆಗೆದರು.

"ಇದೇ ಚೆನ್ನಾಗಿತ್ತು ಅಲ್ವಾ?" ಎಂದರು ಮೆಲ್ಲಗೆ.

ನಾನು ಹೂಂ ಅಂದೆ. ಅಷ್ಟರಲ್ಲಿ ರಾಯರ ಸ್ಕೂಟರ್ ಸದ್ದು ಕೇಳಿಸಿತು.