ಲಗ್ನದ ಸೀಸನ್‌ನಲ್ಲಿ ಕೆಟ್ಟ ಕಂಪ್ಯೂಟರ್

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ನನ್ನದೊಂದು ಡಿಟಿಪಿ ಅಂಗಡಿ. ತೊಗರಿಬೇಳೆ ಪಾಕೆಟ್‌ನ ಲೇಬಲ್, ಫ್ಲೆಕ್ಸ್, ಲಗ್ನಪತ್ರಿಕೆ, ಇದೇ ಕೆಲಸ. 2023ರ ಮೇ ತಿಂಗಳಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಮಾನಿಟರ್ ಮಾತ್ರ ಕಪ್ಪು. ಒಂದು ಬೀಪ್ ಸದ್ದೂ ಇಲ್ಲ.

ರಿಪೇರಿ ಹುಡುಗ ಬಂದು ಕ್ಯಾಬಿನೆಟ್ ಬಿಚ್ಚಿದ. ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಗಂಜ್ ಅಂದಮೇಲೆ ಧೂಳು ಇದ್ದದ್ದೇ. ರ‍್ಯಾಮ್ ಹೊರಗೆ ತೆಗೆದು, ಅದರ ಬಂಗಾರ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ತಿಕ್ಕಿದ, ಬಾಯಿಂದ ಊದಿದ, ಮತ್ತೆ ಹಾಕಿದ. ಇದು ನಮ್ಮ ಕಡೆ ಎಲ್ಲ ಕಂಪ್ಯೂಟರ್‌ಗಳಿಗೂ ಮಾಡುವ ಮೊದಲ ಪೂಜೆ. ಎಷ್ಟೋ ಸಲ ಫಲವೂ ಸಿಗುತ್ತದೆ. ಈ ಸಲ ಸಿಗಲಿಲ್ಲ. ಬೇರೆ ರ‍್ಯಾಮ್, ಬೇರೆ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬ) ಹಾಕಿ ನೋಡಿದ. ಆಮೇಲೆ ಪ್ರೊಸೆಸರ್ ಪಕ್ಕ ಕಂದುಬಣ್ಣಕ್ಕೆ ತಿರುಗಿದ್ದ ಜಾಗದ ಮೇಲೆ ಬೆರಳಿಟ್ಟ. "ಅಣ್ಣಾ, ಬೋರ್ಡೇ ಹೋಗ್ಯಾದ ನೋಡ್ರಿ."

ಬೋರ್ಡ್ ಅಂದರೆ ಮದರ್‌ಬೋರ್ಡ್, ಪ್ರೊಸೆಸರ್ ಮೊದಲಾದ ಎಲ್ಲ ಭಾಗಗಳೂ ಕೂರುವ ಹಲಗೆ. ಅದು ಇಂಟೆಲ್ ಕಂಪನಿಯದೇ ಬೋರ್ಡ್, ಎಚ್61 ಅನ್ನುವ ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ನಿಭಾಯಿಸುವ ಚಿಪ್) ಕಾಲದ್ದು. ಆಗ 'ಇಂಟೆಲ್ ಒರಿಜಿನಲ್' ಅಂದರೆ ಮುಗಿಯಿತು, ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ಆದರೆ ಡೆಸ್ಕ್‌ಟಾಪ್ ಬೋರ್ಡ್ ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಇಂಟೆಲ್ 2013ರ ಜನವರಿಯಲ್ಲೇ ಹೇಳಿಬಿಟ್ಟಿತ್ತು. ಹಾಗಾಗಿ ಈಗ ಯಾವುದು ತರಬೇಕು ಅನ್ನೋದು ದೊಡ್ಡ ಪ್ರಶ್ನೆಯಾಯಿತು.

ಪ್ರಶ್ನೆ ಎದ್ದದ್ದೇ ತಡ, ಉತ್ತರ ಹೇಳುವವರ ಸಾಲು ಶುರು. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಾನೆ. "ಕಾಕಾ, ಅಸೂಸ್ ಬಿಟ್ಟು ಬ್ಯಾರೆ ನೋಡಬ್ಯಾಡ" ಅಂದ. ಪಕ್ಕದ ಫ್ಲೆಕ್ಸ್ ಅಂಗಡಿಯವರು ಗಿಗಾಬೈಟ್ ಭಕ್ತರು. ಇನ್ನೊಬ್ಬ ಗೆಳೆಯ ಫೋನ್‌ನಲ್ಲಿ ಎಂಎಸ್‌ಐ ಎಂಎಸ್‌ಐ ಅಂತ ಜಪ ಮಾಡಿದ. ರಿಪೇರಿ ಹುಡುಗನ ಪ್ರಕಾರ ಕಡಿಮೆ ರೊಕ್ಕಕ್ಕೆ ಅಸ್‌ರಾಕ್ ಛಲೋ. ಅಷ್ಟೊಂದು ಜೋರಾಗಿ ಜಗಳಾಡುವವರಿಗೆ ನಾನು ಸುಮ್ನೆ ಒಂದು ಮಾತು ನೆನಪಿಸಿದೆ. ನಾಲ್ಕೂ ತೈವಾನ್ ಕಂಪನಿಗಳೇ. ಗಿಗಾಬೈಟ್, ಎಂಎಸ್‌ಐ ಎರಡೂ ಶುರುವಾದದ್ದು 1986ರಲ್ಲಿ, ಅಸೂಸ್ 1989ರಲ್ಲಿ. ಅಸ್‌ರಾಕ್ 2002ರಲ್ಲಿ ಅಸೂಸ್ ಮನೆಯಿಂದಲೇ ಬೇರೆ ಹೋದದ್ದು. ಬೋರ್ಡ್ ಮೇಲಿನ ಮುಖ್ಯ ಚಿಪ್‌ಸೆಟ್ ಅಂತೂ ಈ ನಾಲ್ವರದಲ್ಲ, ಇಂಟೆಲ್‌ನದು ಇಲ್ಲವೇ ಎಎಂಡಿಯದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳೇ ಪ್ರೊಸೆಸರ್‌ಗೆ ಹೊಂದುವ ಎಚ್61 ಬೋರ್ಡ್ ಆಗಲೂ ಎರಡು ಮೂರು ಸಾವಿರಕ್ಕೆ ಸಿಗುತ್ತಿತ್ತು, ಹೆಸರು ಕೇಳಿರದ ಕಂಪನಿಗಳದ್ದು. ಆ ಆಸೆ ಬಂದಿತ್ತು. ಆದರೆ ದೊಡ್ಡ ಫ್ಲೆಕ್ಸ್ ಫೈಲ್ ತೆರೆದಾಗಲೆಲ್ಲ ಚಹಾ ಕುಡಿದು ಬರುವಷ್ಟು ಕಾಯುವ ಬದುಕು ಸಾಕಾಗಿತ್ತು. ಹೊಸದೇ ಆಗಲಿ ಅಂದುಕೊಂಡೆ. ಐ5-12400 ಪ್ರೊಸೆಸರ್ ಅಂತ ತೀರ್ಮಾನವಾಯಿತು.

ಮಧ್ಯಾಹ್ನದ ಬಿಸಿಲಲ್ಲಿ ಅಣ್ಣನ ಮಗನನ್ನು ಬೈಕ್ ಹಿಂದೆ ಕೂರಿಸಿಕೊಂಡು ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋದೆ. ಮೇ ತಿಂಗಳು, 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಆ ಬಿಸಿಲೇ ನನಗೆ ಬೋರ್ಡ್ ಆರಿಸಲು ದಾರಿ ತೋರಿಸಿತು ಅನ್ನಬೇಕು. ಅಂಗಡಿಯವರು ಕೌಂಟರ್ ಮೇಲೆ ಬೋರ್ಡ್‌ಗಳನ್ನು ಸಾಲಾಗಿ ಇಟ್ಟರು. ನಾನು ಹೆಸರು ಬಿಟ್ಟು ಪ್ರೊಸೆಸರ್ ಕೂರುವ ಸಾಕೆಟ್‌ನ ಸುತ್ತ ನೋಡಿದೆ. ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಬರುತ್ತದೆ, ಪ್ರೊಸೆಸರ್‌ಗೆ ಬೇಕಾದದ್ದು ಒಂದು ವೋಲ್ಟ್ ಆಸುಪಾಸು. ಅದನ್ನು ಇಳಿಸಿ ಕೊಡುವುದು ಸಾಕೆಟ್ ಪಕ್ಕದ ವಿಆರ್‌ಎಂ. ನನ್ನ ಹಳೇ ಬೋರ್ಡ್ ಸುಟ್ಟದ್ದೂ ಅಲ್ಲೇ. 12400ಕ್ಕೆ 65 ವ್ಯಾಟ್ ಅಂತ ಬರೆದಿದ್ದರೂ ಜೋರು ಕೆಲಸ ಬಿದ್ದಾಗ 117 ವ್ಯಾಟ್‌ವರೆಗೆ ಎಳೆಯಬಹುದು. ಏಸಿ ಇಲ್ಲದ ಅಂಗಡಿಯಲ್ಲಿ ಆ ಬಿಸಿ ಎಲ್ಲಿಗೆ ಹೋಗಬೇಕು?

ಕೌಂಟರ್ ಮೇಲಿದ್ದ ಅಗ್ಗದ ಎಚ್610 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ, ಬ್ರ್ಯಾಂಡ್ ಯಾವುದಾದರೂ ಸರಿ, ವಿಆರ್‌ಎಂ ಬರಿಮೈಯಲ್ಲಿತ್ತು. ಆರೇಳು ಸಾವಿರದ ಬೆಲೆ. ರ‍್ಯಾಮ್‌ಗೆ ಎರಡೇ ಸ್ಲಾಟ್. ಬಿ660 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ವಿಆರ್‌ಎಂ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಂನ ಹೀಟ್‌ಸಿಂಕ್, ನಾಲ್ಕು ಸ್ಲಾಟ್. ಬೆಲೆ ಹತ್ತು ಸಾವಿರದ ಆಚೀಚೆ. ಅದರ ಮುಂದಿನ ಬಿ760 ಬಂದು ಕೆಲವು ತಿಂಗಳಾಗಿದ್ದರಿಂದ ಬಿ660 ಕಡೆ ಜನರ ಗಮನ ಕಮ್ಮಿಯಾಗಿತ್ತು. ನನಗೆ ಅದೇ ಬೇಕಿತ್ತು. ಒಂದೇ ಕಂಪನಿಯ ಕಳಪೆ ಬೋರ್ಡ್‌ಗೂ ಒಳ್ಳೇ ಬೋರ್ಡ್‌ಗೂ ಇರುವ ಅಂತರ, ಎರಡು ಕಂಪನಿಗಳ ಒಂದೇ ಬೆಲೆಯ ಬೋರ್ಡ್‌ಗಳ ನಡುವಿನ ಅಂತರಕ್ಕಿಂತ ಜಾಸ್ತಿ. ಜಗಳಾಡುವವರು ಇದನ್ನೇ ಮರೆಯುವುದು.

"ಏನ್ ಅಷ್ಟ್ ನೋಡ್ಲತ್ತೀರಿ ಸರ? ಎಲ್ಲಾದಕ್ಕೂ ಮೂರು ವರ್ಷ ವಾರಂಟಿ ಅದಾ" ಅಂದರು ಅಂಗಡಿಯವರು.

"ಕೆಟ್ರ ಯಾರು ಒಯ್ತಾರ್ರಿ? ನಾನೋ, ನೀವೋ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗಿಗಾಬೈಟ್ ಮತ್ತು ಎಂಎಸ್‌ಐ ಆದರೆ ತಾವೇ ಕಳಿಸಿ ತರಿಸಿಕೊಡುವುದಾಗಿ, ಉಳಿದೆರಡು ಬೇಕಾದರೆ ನಾನೇ ಸರ್ವೀಸ್ ಸೆಂಟರ್‌ಗೆ ಒಯ್ಯಬೇಕಾಗುತ್ತದೆಂದು ಹೇಳಿದರು. ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಸಿಕಂದರಾಬಾದ್‌ನ ಸಿಟಿಸಿ ಕಂಪ್ಯೂಟರ್ ಮಾರುಕಟ್ಟೆಗೆ ಹೋದರೆ ಸಾವಿರ ರೂಪಾಯಿ ಉಳಿಯುತ್ತದೆ ಅಂತ ಗೆಳೆಯ ಹೇಳಿದ್ದ. ಉಳಿಯುತ್ತದೆ, ನಿಜ. ಕೆಟ್ಟರೆ ಮತ್ತೆ ರೈಲು ಹತ್ತಬೇಕು, ಅಂಗಡಿ ಬಾಗಿಲು ಹಾಕಬೇಕು. ಲಗ್ನದ ಸೀಸನ್‌ನಲ್ಲಿ ಒಂದು ದಿನ ಬಾಗಿಲು ಹಾಕಿದರೆ ಸಾವಿರಕ್ಕಿಂತ ಜಾಸ್ತಿ ಹೋಗುತ್ತದೆ.

ಅಂಗಡಿಯವರೇ ಕಳಿಸಿಕೊಡುವ ಆ ಎರಡರಲ್ಲಿ ಗಿಗಾಬೈಟ್ ಬೋರ್ಡ್‌ನ ಹಿಂದೆ ಹಳೇ ಮಾದರಿ ಮಾನಿಟರ್‌ನ ಕೇಬಲ್ ಚುಚ್ಚುವ ವಿಜಿಎ ಪೋರ್ಟ್ ಇತ್ತು, ಎಂಎಸ್‌ಐ ಬೋರ್ಡ್‌ನಲ್ಲಿ ಇರಲಿಲ್ಲ. ನನ್ನ ಮಾನಿಟರ್ ವಿಜಿಎದ್ದು, ಇನ್ನೂ ಗಟ್ಟಿಮುಟ್ಟಾಗಿದೆ. ತೀರ್ಪು ಅಲ್ಲಿಗೆ ಮುಗಿಯಿತು. ಪಕ್ಕದಂಗಡಿಯವರು ಇದನ್ನು ತಮ್ಮ ಗೆಲುವು ಅಂತಲೇ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಬಿಲ್ ಮಾಡುವ ಮುಂಚೆ ಡಬ್ಬ ಬಿಚ್ಚಿಸಿದೆ. ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎತ್ತಿ, ಮೊಬೈಲ್ ಟಾರ್ಚ್ ಅನ್ನು ಓರೆಯಾಗಿ ಹಿಡಿದೆವು. 1700 ಪಿನ್‌ಗಳು, ಒಂದೊಂದೂ ಕೂದಲಿನಷ್ಟು ಸಣ್ಣ. ಬೆಳಕು ಅವುಗಳ ಮೇಲೆ ಸಾಲುಸಾಲಾಗಿ ಮಿನುಗಬೇಕು. ಎಲ್ಲಾದರೂ ಸಾಲು ಮುರಿದಂತೆ ಕಂಡರೆ ಪಿನ್ ಬಾಗಿದೆ ಅಂತ ಅರ್ಥ. ಬಾಗಿದ ಪಿನ್‌ಗೆ ವಾರಂಟಿ ಸಿಗುವುದಿಲ್ಲ, ಆಮೇಲೆ ಯಾರು ಬಗ್ಗಿಸಿದ್ದು ಅನ್ನೋ ವಾದ ಬೇರೆ. ಅಣ್ಣನ ಮಗ ನಾಲ್ಕೂ ದಿಕ್ಕಿನಿಂದ ನೋಡಿ ಎಲ್ಲ ಸರಿಯಿದೆ ಅಂತ ತಲೆ ಆಡಿಸಿದ. ಆ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ ಅಂತ ಅಂಗಡಿಯವರೇ ಹೇಳಿದರು, ವಾಪಸ್ ಕಳಿಸುವಾಗ ಅದು ಬೇಕು. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೆ. ರ‍್ಯಾಮ್ ಡಿಡಿಆರ್4 ಪೀಳಿಗೆಯದು ತಾನೇ ಅಂತಲೂ ಖಾತ್ರಿ ಮಾಡಿಕೊಂಡೆವು. ಒಂದೇ ಹೆಸರಿನ ಬೋರ್ಡ್ ಡಿಡಿಆರ್5ಗೂ ಬರುತ್ತದೆ, ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ.

ಸಂಜೆ ರಿಪೇರಿ ಹುಡುಗ ಜೋಡಿಸಿಕೊಟ್ಟ. ಜೋಡಿಸುವ ಮೊದಲು ಮೀಟರ್ ಹಿಡಿದು ಪ್ಲಗ್‌ನ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವಿನ ವೋಲ್ಟೇಜ್ ನೋಡಿದ. ಒಂದೆರಡು ವೋಲ್ಟ್ ಇರಬೇಕಾದ ಕಡೆ ಮುಳ್ಳು ಬಹಳ ಮುಂದೆ ಹೋಯಿತು. "ಮೊದ್ಲ ಇದು ಸರಿ ಮಾಡಸ್ರಿ ಅಣ್ಣಾ, ಇಲ್ಲಂದ್ರ ಯಾವ ಕಂಪನಿ ಬೋರ್ಡ್ ತಂದ್ರೂ ಅಷ್ಟೇ." ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿದೆ.

ಹೊಸ ಬೋರ್ಡ್‌ನಲ್ಲಿ ಬಣ್ಣದ ಲೈಟ್ ಒಂದೂ ಇಲ್ಲ ಅಂತ ಅಣ್ಣನ ಮಗನಿಗೆ ಬೇಜಾರು. ತನ್ನ ಕಂಪ್ಯೂಟರ್‌ಗೆ ಮಾತ್ರ ಎಎಂಡಿಯ ಎಎಂ5 ಸಾಕೆಟ್ ಇರುವ ಬೋರ್ಡ್ ಬೇಕಂತೆ, ಮುಂದೆ ಪ್ರೊಸೆಸರ್ ಬದಲಿಸಿದರೂ ಬೋರ್ಡ್ ಅದೇ ನಡೆಯುತ್ತದಂತೆ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ರೊಕ್ಕ ಜಾಸ್ತಿ. ಅಪ್ಪನ ಹತ್ತಿರ ಮಾತಾಡು ಅಂತ ನನಗೆ ಹೇಳುತ್ತಿದ್ದಾನೆ. ನಾನು ಇನ್ನೂ ಒಪ್ಪಿಲ್ಲ.