ಆರು ಇಂಚಿನ ಕನ್ನಡಿ: ಪಾಲಿಶ್ ಮುಗೀತು, ಲೇಪನ ಬಾಕಿ

ಟೆಲಿಸ್ಕೋಪಿಗಾಗಿ ಕೈಯಲ್ಲೇ ಉಜ್ಜುತ್ತಿದ್ದ ಕನ್ನಡಿಯ ಗಾಜಿನ ಕೆಲಸ ಈ ವಾರ ಮುಗಿಯಿತು. ಅಗಲ 150 ಮಿ.ಮೀ., ಫೋಕಲ್ ಲೆಂತ್ (ದೂರದ ಬೆಳಕು ಒಂದೆಡೆ ಸೇರುವ ದೂರ) 1200 ಮಿ.ಮೀ. ಆದರೆ ನೋಡಿದವರಿಗೆ ಅದು ಕನ್ನಡಿ ಅನ್ನಿಸುವುದಿಲ್ಲ. ಒಂದು ದಪ್ಪ ಗಾಜಿನ ಬಿಲ್ಲೆ, ಅಷ್ಟೇ. ಕೆಳಗೆ ಪೇಪರ್ ಇಟ್ಟರೆ ಸಲೀಸಾಗಿ ಓದಬಹುದು. "ಇಷ್ಟು ದಿನ ಉಜ್ಜಿದ್ದು ಇದಕ್ಕಾ?" ಅಂತ ಮನೆಯಲ್ಲಿ ಕೇಳಿದರು. ಹೌದು, ಇದಕ್ಕೇ. ಗಾಜಿನ ಕೆಲಸ ಆಕಾರ ಕೊಡುವುದು ಮಾತ್ರ. ಬೆಳಕನ್ನು ತಿರುಗಿಸಿ ಕಳಿಸುವ ಕೆಲಸ ಅದರ ಮೇಲೆ ಬರುವ ಲೋಹದ್ದು.

ಉಜ್ಜುವ ಹಂತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಬಿಲ್ಲೆ, ನಡುವೆ ಕಾರ್ಬೊರಂಡಮ್ ಪುಡಿ, ನೀರು. ಹಿಂದೆ ಮುಂದೆ ತಳ್ಳುತ್ತಾ, ತಿರುಗಿಸುತ್ತಾ ಹೋದರೆ ಮೇಲಿನದು ನಡುವೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನನಗೆ ಬೇಕಿದ್ದ ತಗ್ಗು ನಡುಮಧ್ಯದಲ್ಲಿ 1.17 ಮಿ.ಮೀ. ಮಾತ್ರ. 80ನೇ ನಂಬರಿನ ಒರಟು ಪುಡಿಯಲ್ಲಿ ಶುರು, 600ರಲ್ಲಿ ಮುಕ್ತಾಯ.

ಈ ಹಂತದಲ್ಲಿ ಗಾಜು ಬೆಳ್ಳಗೆ ಮಂಕಾಗಿರುತ್ತದೆ, ಮುಖ ಕಾಣಿಸುವುದಿಲ್ಲ. ಆದರೂ ಫೋಕಸ್ ಎಲ್ಲಿ ಬೀಳುತ್ತಿದೆ ಅಂತ ನೋಡಲು ಒಂದು ಸುಲಭ ದಾರಿ ಇದೆ. ಮೇಲೆ ನೀರು ಸುರಿದು, ಅದು ಇಳಿಯುವ ಮೊದಲೇ ಬಿಸಿಲಿಗೆ ಹಿಡಿಯಬೇಕು. ನೀರು ಸಣ್ಣ ಸಣ್ಣ ಕುಳಿಗಳನ್ನು ತುಂಬಿ ಮೇಲ್ಮೈಯನ್ನು ನಯ ಮಾಡುತ್ತದೆ. ಎದುರಿನ ಗೋಡೆ ಮೇಲೆ ಬೆಳಕಿನ ಚುಕ್ಕೆ ಬೀಳುತ್ತದೆ. ಅದು ಎಷ್ಟು ದೂರದಲ್ಲಿ ತೀರಾ ಚಿಕ್ಕದಾಗುತ್ತದೋ ಅದೇ ಫೋಕಲ್ ಲೆಂತ್. ನೀರು ಹಿಂದಕ್ಕೆ ಕಳಿಸುವ ಬೆಳಕು ನೂರಕ್ಕೆ ಸುಮಾರು 2 ಭಾಗ. ಬಿಸಿಲಿಗೆ ಅಷ್ಟು ಸಾಕು.

ಬಂದ ಕೋನದಲ್ಲೇ ಬೆಳಕು ಹೊರಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಮಂಕು ಗಾಜೂ ಆ ನಿಯಮ ಮೀರುವುದಿಲ್ಲ. ಅದರ ಒಂದೊಂದು ಕುಳಿಯ ಗೋಡೆ ಒಂದೊಂದು ಕಡೆ ಮುಖ ಮಾಡಿರುತ್ತದೆ, ಹಾಗಾಗಿ ಬೆಳಕು ಚೆಲ್ಲಾಪಿಲ್ಲಿ ಆಗುತ್ತದೆ. 600ರ ಪುಡಿ ಮುಗಿದ ಮೇಲೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತೀರಾ ಓರೆಯಾಗಿ ನೋಡಿ. ಆಚೆಗಿರುವ ಟ್ಯೂಬ್‌ಲೈಟ್ ಸ್ಪಷ್ಟವಾಗಿ ಕಾಣುತ್ತದೆ! ಸ್ವಲ್ಪ ಎತ್ತಿ ನೋಡಿದರೆ ಮಾಯ. ಓರೆಯಲ್ಲಿ ಬರುವ ಬೆಳಕಿಗೆ ಆ ಕುಳಿಗಳ ಆಳ ಲೆಕ್ಕಕ್ಕೇ ಬರುವುದಿಲ್ಲ. ಪಾಲಿಶ್ ಅಂದರೆ ನೇರವಾಗಿ ಬರುವ ಬೆಳಕಿಗೂ ಹಾಗೆ ಮಾಡುವುದು. ಅದಕ್ಕೆ ಪಿಚ್ (ಡಾಂಬರಿನಂಥ ಅಂಟು) ಮತ್ತು ಸೀರಿಯಂ ಆಕ್ಸೈಡ್ ಅನ್ನುವ ನುಣ್ಣನೆ ಪಾಲಿಶ್ ಪುಡಿ. ಕೈ, ಬಟ್ಟೆ, ನೆಲ ಎಲ್ಲಾ ಕಂದು ಬಣ್ಣ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ: ಪರೀಕ್ಷೆ. ಫ್ರಾನ್ಸಿನ ಲಿಯೋನ್ ಫೂಕೋ 1858ರಲ್ಲಿ ಕಂಡುಹಿಡಿದದ್ದು. ಇವತ್ತಿಗೂ ಅದಕ್ಕೆ ಬೇಕಾದ್ದು ಒಂದು ಎಲ್‌ಇಡಿ, ಸೂಜಿ ಚುಚ್ಚಿದ ಅಲ್ಯೂಮಿನಿಯಂ ಹಾಳೆ, ಒಂದು ಶೇವಿಂಗ್ ಬ್ಲೇಡ್. ಕನ್ನಡಿಯಿಂದ 2400 ಮಿ.ಮೀ. ದೂರದಲ್ಲಿ, ಅಂದರೆ ಫೋಕಲ್ ಲೆಂತಿನ ಎರಡರಷ್ಟು ದೂರದಲ್ಲಿ, ಆ ಹಾಳೆಯ ತೂತಿನ ಹಿಂದೆ ಎಲ್‌ಇಡಿ ಇಡಬೇಕು. ಬೆಳಕು ಹೋಗಿ ಅದರ ಪಕ್ಕಕ್ಕೇ ವಾಪಸ್ ಬಂದು ಚುಕ್ಕೆಯಾಗುತ್ತದೆ. ಆ ಚುಕ್ಕೆಗೆ ಬ್ಲೇಡನ್ನು ನಿಧಾನಕ್ಕೆ ಅಡ್ಡ ತರುತ್ತಾ, ಹಿಂದಿನಿಂದ ಕಣ್ಣಿಟ್ಟು ನೋಡಬೇಕು. ಲೇಪನ ಇಲ್ಲದ ಗಾಜು ತಿರುಗಿಸುವುದು ನೂರಕ್ಕೆ 4 ಭಾಗ ಬೆಳಕು ಮಾತ್ರ, ಆದರೆ ಕತ್ತಲೆ ಕೋಣೆಯಲ್ಲಿ ಇಡೀ ಬಿಲ್ಲೆ ಹೊಳೆಯುತ್ತದೆ.

ಆಕಾರ ಪಕ್ಕಾ ಗೋಳದ್ದಾಗಿದ್ದರೆ ಬಿಲ್ಲೆ ಪೂರ್ತಿ ಒಮ್ಮೆಗೇ ಮಂಕಾಗುತ್ತದೆ. ನಮಗೆ ಬೇಕಾದ್ದು ಪ್ಯಾರಾಬೋಲ. ನಕ್ಷತ್ರದಿಂದ ಸಮಾನಾಂತರವಾಗಿ ಬರುವ ಬೆಳಕನ್ನು ಒಂದೇ ಕಡೆ ಸೇರಿಸುವುದು ಆ ಆಕಾರ. ಅದು ಬಂದಾಗ ಬ್ಲೇಡಿನ ನೆರಳಲ್ಲಿ ಕನ್ನಡಿ ಥೇಟ್ ಉದ್ದಿನ ವಡೆಯಂತೆ ಕಾಣುತ್ತದೆ. ನಡುಭಾಗದ ಬೆಳಕು ಸೇರುವ ಜಾಗಕ್ಕೂ ಅಂಚಿನ ಬೆಳಕು ಸೇರುವ ಜಾಗಕ್ಕೂ 2.34 ಮಿ.ಮೀ. ವ್ಯತ್ಯಾಸ ಇರಬೇಕು (ಎಲ್‌ಇಡಿ ಕದಲಿಸದೆ ಬ್ಲೇಡ್ ಮಾತ್ರ ಸರಿಸಿದರೆ). ನನ್ನದು ಅದರ ಹತ್ತಿರ ಬಂದು ನಿಂತಿದೆ.

ಈ ಪರೀಕ್ಷೆ ಎಷ್ಟು ಸೂಕ್ಷ್ಮ ಅಂತ ತಿಳಿಯಬೇಕಾದರೆ ಹೆಬ್ಬೆರಳನ್ನು ಗಾಜಿನ ಮೇಲೆ ಸುಮ್ನೆ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಬೆರಳಿನ ಬಿಸಿಗೆ ಗಾಜು ಹಿಗ್ಗಿ, ಬ್ಲೇಡಿನ ಹಿಂದೆ ಒಂದು ಗುಡ್ಡ ಎದ್ದು ಕಾಣುತ್ತದೆ. ನೋಡುತ್ತಿದ್ದಂತೆ ಕರಗಿ ಹೋಗುತ್ತದೆ. ಕೈಗೆ ತಿಳಿಯದ ಗುಡ್ಡ ಅದು, ಕಣ್ಣಿಗೆ ಮಾತ್ರ ಕಾಣುತ್ತದೆ.

ಇಷ್ಟೊಂದು ನಿಖರತೆ ಯಾಕೆ ಅಂದರೆ, ಕನ್ನಡಿ ತಪ್ಪನ್ನು ದುಪ್ಪಟ್ಟು ಮಾಡುತ್ತದೆ. ಒಂದು ಕಡೆ 70 ನ್ಯಾನೊಮೀಟರ್ ತಗ್ಗು ಜಾಸ್ತಿಯಾದರೆ ಬೆಳಕು ಹೋಗುವಾಗಲೂ ಬರುವಾಗಲೂ ಅಷ್ಟು ಹೆಚ್ಚು ನಡೆಯಬೇಕು, ಅಂದರೆ 140. ಹಸಿರು ಬೆಳಕಿನ ಅಲೆಯುದ್ದದ ಕಾಲು ಭಾಗ. ಟೆಲಿಸ್ಕೋಪ್ ಮಾಡುವವರು ಸಾಮಾನ್ಯವಾಗಿ ಹಾಕಿಕೊಳ್ಳುವ ಗೆರೆ ಅದು. ಮಸೂರದ ಮೇಲ್ಮೈಗೆ ಇದರ ಕಾಲು ಭಾಗ ಕಟ್ಟುನಿಟ್ಟಿದ್ದರೂ ನಡೆಯುತ್ತದೆ.

ಈಗ ಲೇಪನದ ಚರ್ಚೆ. ಲೋಹದಲ್ಲಿ ಎಲೆಕ್ಟ್ರಾನ್‌ಗಳು ಸ್ವತಂತ್ರವಾಗಿ ಓಡಾಡಿಕೊಂಡಿರುತ್ತವೆ. ಬೆಳಕು ಬಂದಾಗ ಅದರ ತಾಳಕ್ಕೆ ಅವೂ ಅಲುಗುತ್ತವೆ, ಅಲುಗಿದ್ದಕ್ಕೆ ತಾವೇ ಬೆಳಕು ಹೊರಡಿಸುತ್ತವೆ. ಲೋಹದ ಒಳಗಡೆ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ, ಹೊರಗಡೆ ಉಳಿಯುವುದೇ ಪ್ರತಿಫಲನ. ಇದಕ್ಕೆ 100 ನ್ಯಾನೊಮೀಟರ್ ದಪ್ಪದ ಪದರ ಸಾಕು. ಮನೆಯ ಕನ್ನಡಿಯಲ್ಲಿ ಈ ಪದರ ಗಾಜಿನ ಹಿಂದಿರುತ್ತದೆ. ಬೆರಳು ತಾಗಿಸಿದರೆ ಬೆರಳಿಗೂ ಬಿಂಬಕ್ಕೂ ನಡುವೆ ಸಂದು ಕಾಣುವುದು ಅದಕ್ಕೇ. ಟೆಲಿಸ್ಕೋಪಿನಲ್ಲಿ ಪದರ ಗಾಜಿನ ಮುಂದೆ. ಕೇರಳದ ಆರನ್ಮುಳ ಕನ್ನಡಿಯಲ್ಲೂ ಸಂದಿಲ್ಲ, ಅಲ್ಲಿ ಗಾಜೇ ಇಲ್ಲ, ತಾಮ್ರ-ತವರದ ಮಿಶ್ರಲೋಹವನ್ನೇ ಉಜ್ಜಿ ಹೊಳಪು ತಂದಿರುತ್ತಾರೆ.

ಬೆಳ್ಳಿ ಹಾಕಿದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಬೆಳಕು ತಿರುಗುತ್ತದೆ, ಅಲ್ಯೂಮಿನಿಯಂನಲ್ಲಿ ಸುಮಾರು 88. ಟೆಲಿಸ್ಕೋಪಿನಲ್ಲಿ ಬೆಳಕು ಎರಡು ಕನ್ನಡಿ (ಈ ದೊಡ್ಡದು, ಆಮೇಲೆ ಬೆಳಕನ್ನು ಕಣ್ಣಿನ ಕಡೆ ತಿರುಗಿಸುವ ಚಿಕ್ಕದು) ದಾಟುವಾಗ ಬೆಳ್ಳಿಯಲ್ಲಿ ನೂರಕ್ಕೆ 90 ಉಳಿದರೆ ಅಲ್ಯೂಮಿನಿಯಂನಲ್ಲಿ 77 ಉಳಿಯುತ್ತದೆ. ಆಸೆ ಆಗುತ್ತದೆ, ಅಲ್ವಾ? ಆದರೆ ಬೆಳ್ಳಿ ಗಾಳಿಯ ಗಂಧಕಕ್ಕೆ ಬೇಗ ಕಪ್ಪಾಗುತ್ತದೆ. ಮನೆಯಲ್ಲೇ ಹಾಕಲು ಸಿಲ್ವರ್ ನೈಟ್ರೇಟ್, ಅಮೋನಿಯಾ ಬೆರೆಸಬೇಕು. ಆ ದ್ರಾವಣ ಉಳಿಸಿ ಇಟ್ಟರೆ ಸಿಡಿಯುವ ವಸ್ತುವಾಗುತ್ತದೆ. ಮಕ್ಕಳಿರುವ ಮನೆಗೆ ಅದು ಬೇಡ. ಅಲ್ಯೂಮಿನಿಯಂ ಅಂದರೆ ನಿರ್ವಾತ ಪೆಟ್ಟಿಗೆ ಬೇಕು, ಅದರೊಳಗೆ ಲೋಹವನ್ನು ಕಾಸಿ ಆವಿ ಮಾಡಿ ಕೂರಿಸುತ್ತಾರೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಜಾನ್ ಸ್ಟ್ರಾಂಗ್ ಈ ವಿಧಾನವನ್ನು ದೊಡ್ಡ ಟೆಲಿಸ್ಕೋಪುಗಳಿಗೆ ತಂದರು. ನಾನೂ ಅದಕ್ಕೇ ಕೊಡುತ್ತಿದ್ದೇನೆ. ಲೇಪನ ಮಂಕಾದರೆ ತೊಳೆದು ಮತ್ತೆ ಹಾಕಿಸಬಹುದು, ಗಾಜಿನ ಆಕಾರಕ್ಕೆ ಏನೂ ಆಗುವುದಿಲ್ಲ. ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೇಣು ಬಾಪು ಟೆಲಿಸ್ಕೋಪಿನಂಥ ದೊಡ್ಡ ಕನ್ನಡಿಗಳದ್ದೂ ಇದೇ ಕಥೆ. ಅಂದ ಹಾಗೆ ಆ ಕನ್ನಡಿಯನ್ನು ಉಜ್ಜಿ ಪಾಲಿಶ್ ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ.

45 ಡಿಗ್ರಿಯಲ್ಲಿ ಕೂರುವ ಚಿಕ್ಕ ಕನ್ನಡಿಯನ್ನು ಮಾತ್ರ ಕೊಂಡೇ ತರುತ್ತೇನೆ. ಚಪ್ಪಟೆ ಮಾಡುವುದು ತಗ್ಗು ಮಾಡುವುದಕ್ಕಿಂತ ಕಷ್ಟ. ಎರಡು ಬಿಲ್ಲೆ ಉಜ್ಜಿದರೆ ಗೋಳ ತಾನಾಗೇ ಬರುತ್ತದೆ, ಚಪ್ಪಟೆಗೆ ಮೂರು ಬಿಲ್ಲೆ ಅದಲು ಬದಲು ಮಾಡಿ ಉಜ್ಜಬೇಕು. ಅಷ್ಟು ತಾಳ್ಮೆ ಸದ್ಯಕ್ಕಿಲ್ಲ. ಲೇಪನ ಆಗಿ ಬರುವಷ್ಟರಲ್ಲಿ ಟ್ಯೂಬಿಗೆ ಒಳಗಡೆ ಕಪ್ಪು ಬಣ್ಣ ಹೊಡೆಯಬೇಕು, ಕನ್ನಡಿ ಕೂರಿಸುವ ಪ್ಲೈವುಡ್ ತುಂಡು ಕತ್ತರಿಸಬೇಕು.