ಲಿವರ್‌ಪೂಲ್ 1946–47: ದಿನಾಂಕವಾರು ಅಂಕಪಟ್ಟಿಯ ಕೆಲಸ ಎಲ್ಲಿಗೆ ಬಂತು

ಇಂಗ್ಲೆಂಡ್‌ನ ಫುಟ್‌ಬಾಲ್ ಲೀಗ್‌ನಲ್ಲಿ ಆಗ ಎಲ್ಲಕ್ಕಿಂತ ಮೇಲಿನ ವಿಭಾಗವಾಗಿದ್ದ ಫಸ್ಟ್ ಡಿವಿಷನ್‌ನ 22 ತಂಡಗಳ ಅಷ್ಟೂ ಪಂದ್ಯಗಳ, ಅಂದರೆ 462 ಪಂದ್ಯಗಳ ಫಲಿತಾಂಶ ಸ್ಪ್ರೆಡ್‌ಶೀಟಿಗೆ ಏರಿದೆ. ಮೊತ್ತಗಳೂ ತಾಳೆಯಾಗಿವೆ. ಗೆಲುವಿಗೆ ಎರಡು, ಡ್ರಾಗೆ ತಲಾ ಒಂದು ಅಂಕವಿದ್ದ ಕಾಲವದು. ಪ್ರತಿ ಪಂದ್ಯದಿಂದ ಎರಡೇ ಅಂಕ ಹುಟ್ಟುವುದರಿಂದ ಎಲ್ಲ ತಂಡಗಳ ಅಂಕ ಕೂಡಿದರೆ 924 ಬರಲೇಬೇಕು. ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲುಗಳ ಮೊತ್ತವೂ ಒಂದೇ ಆಗಬೇಕು. ಲಿವರ್‌ಪೂಲ್ ಸಾಲು: 25 ಗೆಲುವು, 7 ಡ್ರಾ, 10 ಸೋಲು, ಗೋಲು 84–52, 57 ಅಂಕ, ಚಾಂಪಿಯನ್.

ಮೊದಲ ಮೂರು ಸಾಲು

ಎಡವುವ ಜಾಗ ಆರಂಭದಲ್ಲೇ ಇದೆ. 1939–40ರ ಲೀಗ್ ಮೂರು ಪಂದ್ಯಗಳಾಗುವಷ್ಟರಲ್ಲಿ ಯುದ್ಧದಿಂದ ನಿಂತುಹೋಯಿತು. 1946ರ ಆಗಸ್ಟ್ 31ರಂದು ಲೀಗ್ ಮತ್ತೆ ಶುರುವಾದಾಗ ಅದೇ ಹಳೆಯ ವೇಳಾಪಟ್ಟಿಯನ್ನು ಬಳಸಿದರು. ಹಾಗಾಗಿ ಎರಡೂ ಸಲ ಲಿವರ್‌ಪೂಲ್ ಮೊದಲು ಶೆಫೀಲ್ಡ್ ಯುನೈಟೆಡ್ ಅಂಗಳಕ್ಕೆ ಹೋಯಿತು, ಆಮೇಲೆ ತನ್ನದೇ ಅಂಗಳ ಆ್ಯನ್‌ಫೀಲ್ಡ್‌ನಲ್ಲಿ ಮಿಡಲ್ಸ್‌ಬರೋ, ಚೆಲ್ಸಿ ವಿರುದ್ಧ ಆಡಿತು. 1939ರಲ್ಲಿ ಲಿವರ್‌ಪೂಲ್ ಕಡೆಯಿಂದ ನೋಡಿದರೆ 1–2, 4–1, 1–0. 1946ರಲ್ಲಿ 1–0, 0–1, 7–4. ತಂಡ, ಅಂಗಳ, ಕ್ರಮ ಎಲ್ಲ ಒಂದೇ ಆದ್ದರಿಂದ ಇಸವಿ ನೋಡದೆ ನಕಲು ಮಾಡಿದರೆ ರದ್ದಾದ ಋತುವಿನ ಫಲಿತಾಂಶ ಒಳಗೆ ಸೇರಿಬಿಡುತ್ತದೆ. 7–4ರ ಆ ಚೆಲ್ಸಿ ಪಂದ್ಯದಲ್ಲೇ ಬಿಲ್ಲಿ ಲಿಡೆಲ್, ಬಾಬ್ ಪೈಸ್ಲಿ ಇಬ್ಬರೂ ಲೀಗ್‌ಗೆ ಪದಾರ್ಪಣೆ ಮಾಡಿದರು. ಅದೇ ವರ್ಷ ಜನವರಿಯಲ್ಲಿ ಎಫ್.ಎ. ಕಪ್‌ನಲ್ಲಿ ಆಗಲೇ ಆಡಿದ್ದರಿಂದ ಲೀಗ್ ಮತ್ತು ಕಪ್ ಪದಾರ್ಪಣೆಗೆ ಬೇರೆ ಬೇರೆ ಕಾಲಂ ಇಡಬೇಕಾಗುತ್ತದೆ.

‘ಸುತ್ತು’ ಕಾಲಂ ತೆಗೆದುಹಾಕಿದ್ದೇವೆ

ಈ ಋತುವನ್ನು ಸುತ್ತಿನ ಲೆಕ್ಕದಲ್ಲಿ (ಎಲ್ಲ ತಂಡಗಳ ಮೊದಲ ಪಂದ್ಯ, ಎರಡನೆಯ ಪಂದ್ಯ ಎಂಬಂತೆ) ಜೋಡಿಸಿದರೆ ಅದರ ಜೀವವೇ ಹೋಗುತ್ತದೆ. 1947ರ ಆರಂಭದ ಭೀಕರ ಚಳಿಗೆ ಮೈದಾನಗಳು ಹೆಪ್ಪುಗಟ್ಟಿ ಪಂದ್ಯಗಳು ಸಾಲುಸಾಲಾಗಿ ಮುಂದೆ ಹೋದವು. ಕಲ್ಲಿದ್ದಲಿನ ಕೊರತೆಯ ನಡುವೆ ಕಾರ್ಖಾನೆ ಕೆಲಸಕ್ಕೆ ಧಕ್ಕೆಯಾಗಬಾರದೆಂದು ವಾರದ ನಡುವಿನ ಪಂದ್ಯಗಳಿಗೆ ಸರ್ಕಾರ ತಡೆ ಹಾಕಿತು. ಬಾಕಿ ಪಂದ್ಯಗಳು ಜೂನ್ 14ರವರೆಗೆ ಎಳೆದವು. ಆದ್ದರಿಂದ ಪಂದ್ಯ ನಡೆದ ದಿನಾಂಕವೊಂದನ್ನೇ ಕೀಲಿ ಮಾಡಿಕೊಂಡು, ಆ ದಿನದವರೆಗಿನ ಸಾಲುಗಳನ್ನಷ್ಟೇ ಕೂಡುವ ಫಾರ್ಮುಲಾ ಇಟ್ಟಿದ್ದೇವೆ.

ಫಲ ನೋಡಬೇಕೆಂದರೆ ಮೇ 31ರ ಕೋಶಕ್ಕೆ ಹೋಗಿ. ಆ ಬೆಳಿಗ್ಗೆ ವುಲ್ವ್ಸ್ (ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್) 56, ಲಿವರ್‌ಪೂಲ್ 55, ಸ್ಟೋಕ್ 55. ಮೂವರಿಗೂ ಒಂದೊಂದು ಪಂದ್ಯ ಬಾಕಿ. ಮ್ಯಾಂಚೆಸ್ಟರ್ ಯುನೈಟೆಡ್ 56 ಅಂಕಕ್ಕೆ ಆಟ ಮುಗಿಸಿಯಾಗಿದೆ. ಡಿಸೆಂಬರ್‌ನಲ್ಲಿ ಆ್ಯನ್‌ಫೀಲ್ಡ್‌ಗೇ ಬಂದು 5–1ರಿಂದ ಬಡಿದು ಹೋಗಿದ್ದ ವುಲ್ವ್ಸ್ ಅನ್ನು ಲಿವರ್‌ಪೂಲ್ ಅವರದೇ ಅಂಗಳ ಮೊಲಿನೂದಲ್ಲಿ 2–1ರಿಂದ ಸೋಲಿಸಿತು. ಗೋಲು ಹೊಡೆದವರು ಜಾಕ್ ಬಾಮರ್, ಆಲ್ಬರ್ಟ್ ಸ್ಟಬಿನ್ಸ್. ಅಷ್ಟಾದರೂ ಪ್ರಶಸ್ತಿ ಖಚಿತವಲ್ಲ. ಜೂನ್ 14ರಂದು ಸ್ಟೋಕ್ ಶೆಫೀಲ್ಡ್ ಯುನೈಟೆಡ್‌ನ ಅಂಗಳ ಬ್ರ್ಯಾಮಲ್ ಲೇನ್‌ನಲ್ಲಿ ಗೆದ್ದಿದ್ದರೆ ಅಂಕ ಸಮವಾಗಿ ಗೋಲು ಸರಾಸರಿಯಲ್ಲಿ (ಹೊಡೆದ ಗೋಲು ಭಾಗಿಸು ಬಿಟ್ಟುಕೊಟ್ಟ ಗೋಲು) ಸ್ಟೋಕ್‌ಗೇ ಪಟ್ಟ: ಕೇವಲ 1–0 ಗೆಲುವಾದರೂ 90/51, ಅಂದರೆ 1.765, ಲಿವರ್‌ಪೂಲ್‌ನದು 1.615. ಸ್ಟೋಕ್ 2–1ರಿಂದ ಸೋತಿತು. ಸುತ್ತಿನ ಪಟ್ಟಿಯಲ್ಲಿ ಈ ಎರಡು ವಾರದ ಕಾಯುವಿಕೆ ಕಾಣುವುದೇ ಇಲ್ಲ.

ಗೋಲು ಸರಾಸರಿ

ಸಿದ್ಧ ಟೆಂಪ್ಲೇಟ್‌ಗಳೆಲ್ಲ ಗೋಲು ವ್ಯತ್ಯಾಸ ಲೆಕ್ಕ ಹಾಕುತ್ತವೆ. ಆ ಪದ್ಧತಿ ಬಂದದ್ದು 1976–77ರಲ್ಲಿ; ಅದಕ್ಕೂ ಮುಂಚೆ ಹೊಡೆದದ್ದನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸುತ್ತಿದ್ದರು. ಈ ಪಟ್ಟಿಯಲ್ಲಿ ಅದು ನಿಜವಾಗಿಯೂ ಸ್ಥಾನ ಬದಲಿಸುತ್ತದೆ. 56 ಅಂಕದ ಮ್ಯಾಂಚೆಸ್ಟರ್ ಯುನೈಟೆಡ್ 95–54, ವುಲ್ವ್ಸ್ 98–56. ವ್ಯತ್ಯಾಸ ನೋಡಿದರೆ 41ರ ಎದುರು 42, ವುಲ್ವ್ಸ್ ಮೇಲೆ. ಸರಾಸರಿ ನೋಡಿದರೆ 1.759ರ ಎದುರು 1.750, ಯುನೈಟೆಡ್ ಎರಡನೆಯದು. ಎರಡೇ ದಶಮಾಂಶಕ್ಕೆ ಇಟ್ಟರೆ 1.76, 1.75 ಎಂದು ಬರುತ್ತದೆ. ಒಂದಕ್ಕೆ ಇಳಿಸಿದರೆ ಎರಡೂ 1.8. ಆದ್ದರಿಂದ ಪೂರ್ಣಾಂಕ ಮಾಡುವುದು ತೋರಿಕೆಗೆ ಮಾತ್ರ. ವಿಂಗಡಣೆ ಮೂಲ ಸಂಖ್ಯೆಯ ಮೇಲೇ ನಡೆಯಬೇಕು. ಒಂದೂ ಗೋಲು ಬಿಟ್ಟುಕೊಡದ ತಂಡಕ್ಕೆ ಮೊದಲ ದಿನಗಳಲ್ಲಿ ಸೊನ್ನೆಯಿಂದ ಭಾಗಾಕಾರವಾಗಿ ಕೋಶ ಕೆಡುತ್ತದೆ. ಅಲ್ಲಿಗೆ 999 ಎಂದು ಕೊಟ್ಟರೆ ಸಾಕು.

ಹೆಸರುಗಳು

ಕನ್ನಡದಲ್ಲಿ ಹೆಸರು ಹುಡುಕುವ ಫಾರ್ಮುಲಾ ಬಳಸುವವರು ಗಮನಿಸಿ: ‘ಲಿವರ್‌ಪೂಲ್’ನಲ್ಲಿ ರ್ ಮತ್ತು ಪೂ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಒಂದು ಕೀಲಿಮಣೆ ಹಾಕುವ ಚಿಹ್ನೆಯನ್ನೇ ಇನ್ನೊಂದು ಹಾಕದಿದ್ದರೆ, ಓದಲು ಒಂದೇ ಆದ ಎರಡು ಹೆಸರು ಹೊಂದುವುದಿಲ್ಲ, ಫಲಿತಾಂಶ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕ್ಲಬ್‌ಗಳಿಗೆ 1ರಿಂದ 22ರವರೆಗೆ ಸಂಖ್ಯೆ ಕೊಟ್ಟು, ಹೆಸರನ್ನು ಒಂದೇ ಶೀಟಿನಲ್ಲಿ ಇಡುವುದು ಕ್ಷೇಮ.

ಈಗ ನಡೆದಿರುವುದು

ಆಟಗಾರರ ಶೀಟು. ಬದಲಿ ಆಟಗಾರರಿಲ್ಲದ ಕಾಲ, ಪ್ರತಿ ಪಂದ್ಯಕ್ಕೆ ಹನ್ನೊಂದೇ ಹೆಸರು. ಲಿವರ್‌ಪೂಲ್‌ನ 42 ಪಂದ್ಯಕ್ಕೆ 462. ಲೀಗ್‌ನ ಒಟ್ಟು ಪಂದ್ಯಗಳೂ 462 ಆದ್ದರಿಂದ ತಾಳೆ ಕೋಶ ತಪ್ಪು ಶೀಟನ್ನು ತೋರಿಸುತ್ತಿದ್ದರೂ ‘ಸರಿ’ ಎಂದೇ ಹೇಳುತ್ತದೆ. ಎರಡಕ್ಕೂ ಬೇರೆ ಬಣ್ಣ ಹಾಕಿ.

ಬಾಮರ್ ಮತ್ತು ಸ್ಟಬಿನ್ಸ್ ತಲಾ 24 ಗೋಲು. ನವೆಂಬರ್ 9, 16, 23ರಂದು ಪೋರ್ಟ್ಸ್‌ಮತ್, ಡರ್ಬಿ, ಆರ್ಸೆನಲ್ ವಿರುದ್ಧ ಬಾಮರ್ ಸತತ ಮೂರು ಹ್ಯಾಟ್ರಿಕ್ ಹೊಡೆದರು. ಡರ್ಬಿ ಎದುರು ನಾಲ್ಕು, ಒಟ್ಟು ಹತ್ತು. ಸ್ಟಬಿನ್ಸ್ 12,500 ಪೌಂಡ್‌ಗೆ ನ್ಯೂಕ್ಯಾಸಲ್‌ನಿಂದ ಬಂದದ್ದು ಋತು ಶುರುವಾದ ಮೇಲೆ, ಸೆಪ್ಟೆಂಬರ್‌ನಲ್ಲಿ. ಸ್ಟೋಕ್‌ನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಮೇ ತಿಂಗಳಲ್ಲಿ ಬ್ಲ್ಯಾಕ್‌ಪೂಲ್‌ಗೆ ಹೋದರು, ಜೂನ್ 14ರ ನಿರ್ಣಾಯಕ ಪಂದ್ಯಕ್ಕೆ ತಂಡದಲ್ಲಿರಲಿಲ್ಲ. ಹೀಗಾಗಿ ಆಟಗಾರನ ಹೆಸರಿನ ಪಕ್ಕ ಬರೀ ಕ್ಲಬ್ ಸಾಲದು. ಸೇರಿದ ದಿನ, ಬಿಟ್ಟ ದಿನ ಎರಡೂ ಬೇಕು. ಮುಂದಿನ ಕೆಲಸ ಆ ಎರಡು ಕಾಲಂ ತುಂಬುವುದು.